ಹುಲ್ಲುಹಾಸಿನ ಔಷಧಿ ಅಡಿಕೆ ಬುಡಕ್ಕೆ ಬೇಡ

(ಪತ್ರದ ಸಾರ: “ನಮ್ಮ ತೋಟದಲ್ಲಿ ಬೇರುಹುಳದ ಕಾಟ ಜಾಸ್ತಿಯಾಗಿದೆ. ಗರಿ ಹಳದಿಯಾಗಿ ಮರ ಸೊರಗುತ್ತಿದೆ. ಅಮೆರಿಕದ ಗಾಲ್ಫ್ ಮೈದಾನಗಳಲ್ಲಿ ಹಾಕುತ್ತಿದ್ದ ಐಸೋಫೆನ್‌ಫಾಸ್ ಇಂಥ ಹುಳಕ್ಕೆ ರಾಮಬಾಣವಂತೆ. ಅಲ್ಲಿರುವ ನಮ್ಮ ಅಳಿಯ ಹೇಳಿದ. ಇಲ್ಲಿ ಸಿಗುತ್ತದೆಯೇ?” – ಓದುಗರೊಬ್ಬರು, ಶಿರಸಿ ತಾಲೂಕು)

ನಿಮ್ಮ ಅಳಿಯಂದಿರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಕಥೆ.

ಹುಲ್ಲಿನ ಬೇರು ತಿನ್ನುವ ಹುಳವೂ ಅಡಿಕೆಯ ಬೇರು ತಿನ್ನುವ ಹುಳವೂ ಒಂದೇ ದುಂಬಿ ಕುಟುಂಬದ ಮರಿಗಳು. ಅಲ್ಲಿ ಜಪಾನಿ ದುಂಬಿಯದು ದೊಡ್ಡ ಹಾವಳಿ. ಅದಕ್ಕಾಗಿ ಬೇಯರ್ ಕಂಪನಿಯ ಐಸೋಫೆನ್‌ಫಾಸ್ ‘ಆಫ್ಟನಾಲ್’ ಎಂಬ ಹೆಸರಿನಲ್ಲಿ ಬಂತು. ಒಮ್ಮೆ ಹಾಕಿದರೆ ತಿಂಗಳುಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಆದರೆ 1980ರ ದಶಕದಲ್ಲಿ ಒಂದು ವಿಚಿತ್ರ ಕಂಡಿತು. ಮೊದಲೇ ಔಷಧಿ ಉಂಡಿದ್ದ ನೆಲಕ್ಕೆ ಮತ್ತೆ ಹಾಕಿದಾಗ ಹುಳ ಸಾಯಲಿಲ್ಲ. ಹುಳಕ್ಕೆ ವಿಷ ಒಗ್ಗಿತೇ ಎಂದು ನೋಡಿದರೆ ಕಾರಣ ಬೇರೆಯೇ ಇತ್ತು. ಮಣ್ಣಿನ ಬ್ಯಾಕ್ಟೀರಿಯಾಗಳು ಆ ರಾಸಾಯನಿಕವನ್ನೇ ಆಹಾರ ಮಾಡಿಕೊಂಡಿದ್ದವು! ಹುಳಕ್ಕೆ ತಾಗುವಷ್ಟರಲ್ಲಿ ಔಷಧಿಯೇ ಕರಗಿಹೋಗುತ್ತಿತ್ತು. ಮುಂದೆ 1990ರ ದಶಕದ ಕೊನೆಗೆ ಅಲ್ಲಿ ಅದರ ಬಳಕೆಯೇ ನಿಂತಿತು.

ಅದೇ ಆರ್ಗನೋಫಾಸ್ಫೇಟ್ (ರಂಜಕ ಸೇರಿದ ಕೀಟನಾಶಕ) ಗುಂಪಿನ ಸೋದರ ಡಯಾಜಿನಾನ್‌ನ ಕಥೆ ಇನ್ನೂ ಕೆಟ್ಟದ್ದು. ಹುಲ್ಲು ಮೇಯುವ ಬಾತುಗಳು ಗಾಲ್ಫ್ ಮೈದಾನಗಳಲ್ಲಿ ನೂರಾರು ಸಂಖ್ಯೆಯಲ್ಲಿ ಸತ್ತವು. 1988ರಲ್ಲಿ ಅಮೆರಿಕ ಅದನ್ನು ಗಾಲ್ಫ್ ಮೈದಾನಗಳಿಂದ ಹೊರಹಾಕಿತು. ಭಾರತವೂ 2018ರಲ್ಲಿ ಅದನ್ನು ನಿಷೇಧಿಸಿತು. ಅದೇ ಆದೇಶದಲ್ಲಿ ನಮ್ಮವರು ಥಿಮೆಟ್ ಎನ್ನುವ ಫೋರೇಟ್ ಹರಳೂ ಇತ್ತು. 2020ರ ಕೊನೆಯಿಂದ ಅದೂ ಬಂದ್. ಹಳೆಯ ಪೊಟ್ಟಣ ಯಾರಾದರೂ ಕೊಟ್ಟರೂ ಬೇಡ ಅನ್ನಿ. ಈ ಗುಂಪಿನ ವಿಷವೆಲ್ಲ ಹುಳದ ನರಕ್ಕೂ ಮನುಷ್ಯನ ನರಕ್ಕೂ ಒಂದೇ ರೀತಿ ಹೊಡೆಯುತ್ತದೆ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ನಮ್ಮ ಕಡೆಯ ತೋಟಗಳೋ ಕಣಿವೆಯಲ್ಲಿ. ತೋಟದ ನೀರು ಬಸಿದು ಹಳ್ಳ ಸೇರುತ್ತದೆ, ಬಾವಿಯೂ ಅಲ್ಲೇ ಪಕ್ಕ. ನಾನಂತೂ ಐಸೋಫೆನ್‌ಫಾಸ್ ಸಿಕ್ಕಿದರೂ ಹಾಕುತ್ತಿರಲಿಲ್ಲ. ಸೊಪ್ಪು, ಗೊಬ್ಬರ ಉಂಡ ನಮ್ಮ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಅಷ್ಟೇ ಬೇಗ ನುಂಗಿಹಾಕಬಹುದು, ಅಲ್ವಾ?

ಮೊದಲು ಒಂದೆರಡು ಸೊರಗಿದ ಮರದ ಬುಡ ಅಗೆದು ಹುಳ ಇದೆಯೇ ನೋಡಿ. ಹಳದಿಯಾದದ್ದೆಲ್ಲ ಹುಳದಿಂದಲೇ ಅಲ್ಲ, ನೀರು ನಿಂತರೂ ಗರಿ ಹಳದಿಯಾಗುತ್ತದೆ. ಬಸಿಗಾಲುವೆ ಸ್ವಚ್ಛ ಮಾಡಿಸಿ. ಹುಳ ಇದ್ದರೆ ಅದನ್ನು ಕೊಲ್ಲುವ ಸೂಕ್ಷ್ಮ ಜಂತುಹುಳದ ಪುಡಿ ಇದೆ. ಹೆಟೆರೋರಾಬ್ಡೈಟಿಸ್ ಇಂಡಿಕಾ ಎಂದು ಹೆಸರು. ಇದು ಹುಳದ ಮೈಯೊಳಗೆ ಹೊಕ್ಕು, ತನ್ನ ಜೊತೆ ತಂದ ಬ್ಯಾಕ್ಟೀರಿಯಾದಿಂದ ಅದನ್ನು ಕೊಲ್ಲುತ್ತದೆ. ತೇವವಿರುವ ಮಣ್ಣಿಗೇ ಹಾಕಬೇಕು, ಒಣನೆಲದಲ್ಲಿ ಸುಮ್ನೆ ದುಡ್ಡು ದಂಡ. ಪ್ರಮಾಣವನ್ನು ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಿ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ದುಂಬಿಗಳು ಮುಸ್ಸಂಜೆ ಹೊತ್ತಿಗೆ ನೆಲದಿಂದ ಏಳುತ್ತವೆ. ಆ ಸ್ವಲ್ಪ ಹೊತ್ತಿನಲ್ಲೇ ಹಿಡಿದು ಸಾಬೂನು ನೀರಿಗೆ ಹಾಕಿಬಿಡಿ. ನಿಮ್ಮೊಬ್ಬರ ತೋಟದಲ್ಲಿ ಮಾಡಿದರೆ ಸಾಲದು, ಅಕ್ಕಪಕ್ಕದವರನ್ನೂ ಸೇರಿಸಿಕೊಳ್ಳಿ.

– ಸಂಪಾದಕ