ಬೈದ ಮರುದಿನ ಕೆಲಸ ಬಿಡುವ ಹುಡುಗ

ಹೆಸರು, ಕೆಲಸ, ಊರು ಎಲ್ಲ ಬದಲಿಸಿದ್ದೇನೆ. ಮಂಜು ಅಂತ ಇಟ್ಟುಕೊಳ್ಳೋಣ. ವಯಸ್ಸು 19. ಬೆಳೆದದ್ದು ಮನೆಯವರಿಲ್ಲದ ಮಕ್ಕಳ ಪಾಲನಾ ಕೇಂದ್ರಗಳಲ್ಲಿ: ಮೊದಲು ಶಿಶುಮಂದಿರ, ಆಮೇಲೆ ಬಾಲಮಂದಿರ. ಹದಿನೆಂಟು ತುಂಬಿದ ಮೇಲೆ ಅಲ್ಲಿಂದ ಹೊರಬಿದ್ದು ಬೆಂಗಳೂರಿಗೆ ಬಂದ. ಒಂದೇ ವರ್ಷದಲ್ಲಿ ಮೂರು ಕೆಲಸ ಬಿಟ್ಟಿದ್ದ. ನಾಲ್ಕನೆಯದು ಬೇಕರಿ. ಸಲಹೆಗೆಂದು ಅವನನ್ನು ನನ್ನ ಹತ್ತಿರ ಕಳಿಸಿದ್ದು ಬೇಕರಿ ಮಾಲೀಕರ ಹೆಂಡತಿ. "ಹುಡುಗ ಒಳ್ಳೆಯವನು, ಕೈ ಶುದ್ಧ. ಒಂದು ಮಾತು ಅಂದ್ರೆ ಸಾಕು, ಮರುದಿನ ಪತ್ತೆ ಇಲ್ಲ" ಎಂದರು.

ಮೊದಲ ದಿನ ನಾನೇ ತಪ್ಪು ಮಾಡಿದೆ. "ಈಗ ನೀವು ದೊಡ್ಡವರು, ಸ್ವಂತ ಕಾಲ ಮೇಲೆ ನಿಲ್ಲಬೇಕು ಅಲ್ವಾ?" ಅಂದುಬಿಟ್ಟೆ. "ಸರಿ ಮೇಡಂ" ಅಂದ. ಮುಂದಿನ ವಾರ ಬರಲೇ ಇಲ್ಲ. ಅವನ ಪಾಲಿಗೆ ಅದೂ ಬೈಗುಳವೇ ಆಗಿತ್ತು! ನಾನೇ ಫೋನ್ ಮಾಡಿ ಕರೆದೆ. ಬಂದವನು ಮೊದಲು ಹೇಳಿದ್ದು, "ನನ್ನನ್ನ 'ನೀವು' ಅನ್ಬೇಡಿ ಮೇಡಂ, ಬೇರೆ ಯಾರನ್ನೋ ಕರೆದ ಹಾಗಿರುತ್ತೆ."

ಆಮೇಲೆ ಒಂದೊಂದಾಗಿ ಹೊರಬಿತ್ತು. ಚಿಕ್ಕಂದಿನಲ್ಲಿ ಅವನನ್ನು ಎರಡು ಸಲ ಬೇರೆ ಊರಿನ ಬಾಲಮಂದಿರಕ್ಕೆ ಕಳಿಸಿದ್ದರು. ಎರಡು ಸಲವೂ ಬೆಳಿಗ್ಗೆ ಬಟ್ಟೆ ಕಟ್ಟು ಅಂದರು, ಮಧ್ಯಾಹ್ನ ಬಸ್ಸು. ಗಲಾಟೆ ಮಾಡಿದ್ದಕ್ಕೇ ಕಳಿಸಿದರು ಅಂತ ಅವನ ನಂಬಿಕೆ. "ಬೈದ್ರೆ ಮುಂದೆ ಕಳಿಸೇ ಕಳಿಸ್ತಾರೆ. ಅವರು ಕಳಿಸೋ ಮುಂಚೆ ನಾನೇ ಹೋದ್ರೆ ಬೇಜಾರು ಕಮ್ಮಿ."

ಬೈಗುಳ ಬೀಳುತ್ತಿದ್ದದ್ದಾದರೂ ಯಾಕೆ? ಬೆಳಿಗ್ಗೆ ಐದಕ್ಕೆ ಏಳುತ್ತಿರಲಿಲ್ಲ. ಮೂವತ್ತು ಜನ ಮಲಗುವ ಹಾಲ್‌ನಲ್ಲಿ ಬೆಳೆದವನು, ಈಗ ಪುಟ್ಟ ರೂಮಿನಲ್ಲಿ ಒಬ್ಬನೇ. ಪಕ್ಕದಲ್ಲಿ ಉಸಿರಾಟದ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ. ಮೊಬೈಲ್‌ನಲ್ಲಿ ರೈಲಿನ ಸದ್ದು ಹಾಕಿಕೊಂಡು ಎರಡು ಗಂಟೆಗೆ ಕಣ್ಣು ಮುಚ್ಚುತ್ತಿದ್ದ.

ಇದರ ಜೊತೆಗೆ ಒಂದು ಸುಳ್ಳೂ ಅವನ ಕತ್ತು ಹಿಡಿದಿತ್ತು. ಅಪ್ಪ ದಾವಣಗೆರೆಯಲ್ಲಿ ಲಾರಿ ಡ್ರೈವರ್ ಅಂತ ಮನೆ ಓನರ್ ಆಂಟಿಗೆ ಹೇಳಿದ್ದ. ದೀಪಾವಳಿಗೆ ಆಂಟಿ, "ಊರಿಗೆ ಹೋಗಲ್ವಾ?" ಅಂದರು. ಬ್ಯಾಗ್ ಹಾಕಿಕೊಂಡು ಹೊರಟ. ಎರಡು ರಾತ್ರಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಕಳೆದು, ವಾಪಸ್ ಬರುವಾಗ ಊರಿಂದ ತಂದೆ ಅಂತ ಅರ್ಧ ಕೇಜಿ ಮೈಸೂರು ಪಾಕ್ ಕೊಟ್ಟ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಬೈದ ಮೇಲೆ ಮೂರು ದಿನ ಕೆಲಸಕ್ಕೆ ಹೋಗಲೇಬೇಕು, ಬಿಡುವುದಾದರೆ ನಾಲ್ಕನೇ ದಿನ ಬಿಡು ಅಂದೆ. ಬೇಕರಿಯವರಿಗೂ ಒಂದು ಮಾತು: ಬೈಯಿರಿ, ಆದರೆ ಸಂಜೆ "ನಾಳೆ ಐದಕ್ಕೆ ಬಾರಪ್ಪ" ಅಂತ ಹೇಳಿ ಕಳಿಸಿ. ಮನೆಯವರ ಬಗ್ಗೆ ಕೇಳಿದರೆ, "ಹಾಸ್ಟೆಲ್‌ನಲ್ಲಿ ಬೆಳೆದೆ, ಮನೆಯವರಿಲ್ಲ" ಅನ್ನುವುದನ್ನು ನನ್ನೆದುರು ಹತ್ತು ಸಲ ಹೇಳಿಸಿದೆ. ಮುಂದಿನ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತೇನಿಲ್ಲ. ರೂಮು ಬಿಟ್ಟು ನಾಲ್ಕು ಜನರ ಜೊತೆ ಇರು ಅಂದೆ. ಒಬ್ಬನೇ ಇದ್ದರೆ ಮಾತ್ರ ದೊಡ್ಡವನು ಅಂತ ಎಲ್ಲೂ ಬರೆದಿಲ್ಲ. 2016ರ ಬಾಲ ನ್ಯಾಯ ಮಾದರಿ ನಿಯಮಗಳಲ್ಲೇ ಇಂಥವರಿಗೆ ಆರರಿಂದ ಎಂಟು ಜನ ಒಟ್ಟಿಗಿರುವ ತಾತ್ಕಾಲಿಕ ವಸತಿಯ ಮಾತಿದೆ.

ಅದೇ ನಿಯಮದಲ್ಲಿ 21 ವರ್ಷದವರೆಗೆ ಅನುಪಾಲನೆ, ಅಂದರೆ ಬಾಲಮಂದಿರ ಬಿಟ್ಟ ಮೇಲಿನ ಆಸರೆ ಇದೆ, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ. 2015ರ ಬಾಲ ನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಹಣದ ನೆರವಿಗೂ ದಾರಿ ಇಟ್ಟಿದೆ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಅದು ತಿಂಗಳಿಗೆ 4,000 ರೂಪಾಯಿ. ಮಂಜು ಇದರ ಹೆಸರನ್ನೇ ಕೇಳಿರಲಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಬರೆಯಲು ಕೂತೆವು. "ಅನಾಥ ಅಂತ ಬರೀಬೇಡಿ" ಅಂದ. ಬರೆಯಲಿಲ್ಲ.

ಬಾಲಮಂದಿರದಲ್ಲಿರುವಾಗ ಏನು ಕಲಿಸಬೇಕಿತ್ತು ಅಂತ ಕೇಳಿದೆ. "ಹದಿನಾರಕ್ಕೇ ಸಂತೆಗೆ ಕಳಿಸಬೇಕಿತ್ತು ಮೇಡಂ. ಈರುಳ್ಳಿ ಕೇಜಿ ಎಷ್ಟು ಅಂತ ಗೊತ್ತಿರಲಿಲ್ಲ. ಮೊದಲ ಸಂಬಳ ಹನ್ನೊಂದು ದಿನಕ್ಕೆ ಮುಗೀತು." ಸ್ವಲ್ಪ ಹೊತ್ತು ಬಿಟ್ಟು, "ಹಬ್ಬದ ದಿನ ಅಲ್ಲಿಗೆ ಹೋಗಿ ಊಟ ಮಾಡೋಕೆ ಬಿಟ್ರೆ ಚೆನ್ನಾಗಿರ್ತಿತ್ತು" ಅಂದ. ತರಬೇತಿ ಶಿಬಿರ, ಭಾಷಣ ಯಾವುದನ್ನೂ ಅವನು ಕೇಳಲಿಲ್ಲ.

ಬೇಕರಿ ಸೇರಿ ಈಗ ಏಳು ತಿಂಗಳು. ಹಾಸನದ ಇಬ್ಬರು ಹುಡುಗರ ಜೊತೆ ರೂಮು ಮಾಡಿದ್ದಾನೆ. ಒಬ್ಬ ಗೊರಕೆ ಹೊಡೆಯುತ್ತಾನಂತೆ, ಅದರ ಬಗ್ಗೆ ದೂರಿಲ್ಲ. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಸೋಮವಾರ ಅವನಿಗೆ ರಜೆ, ಇಬ್ಬರೂ ಹೋಗಿ ವಿಚಾರಿಸುತ್ತೇವೆ.