ಹತ್ತಿದಷ್ಟೂ ಮುಗಿಯದ ಮೆಟ್ಟಿಲು

ಪ್ರಶ್ನೆ: ನಾವು ಹೇಗೆ ನೋಡುತ್ತೇವೆ ಅನ್ನೋದನ್ನು ಕಲಾವಿದರೂ ವಿಜ್ಞಾನಿಗಳೂ ಸೇರಿ ಹುಡುಕಿದ್ದುಂಟಾ, ಅಥವಾ ಸುಮ್ನೆ ಮಾತಿಗಾ?

ಉತ್ತರ: ಉಂಟು ಮಾರಾಯರೇ! 1954ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಸಮ್ಮೇಳನಕ್ಕೆ ಹೋಗಿದ್ದ ಬ್ರಿಟಿಷ್ ಗಣಿತಜ್ಞ ರೋಜರ್ ಪೆನ್ರೋಸ್ ಅಲ್ಲಿ ಡಚ್ ಕಲಾವಿದ ಎಷರ್ ಚಿತ್ರಗಳನ್ನು ನೋಡಿ ಬೆರಗಾದರು. ಆಮೇಲೆ ಕಾಗದದ ಮೇಲೆ ಮಾತ್ರ ಇರಬಲ್ಲ ಒಂದು ತ್ರಿಕೋನ ಬರೆದರು, ಅಪ್ಪ ಲಯೊನೆಲ್ ಅಂಥದ್ದೇ, ಹತ್ತುತ್ತಾ ಸುತ್ತಿದರೂ ಹೊರಟಲ್ಲಿಗೇ ಬರುವ ಮೆಟ್ಟಿಲು ಬರೆದರು, 1958ರಲ್ಲಿ ಇಬ್ಬರೂ ಅವನ್ನು ಮನಶ್ಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿ ಎಷರ್‌ಗೂ ಒಂದು ಪ್ರತಿ ಕಳಿಸಿದರು. 1960ರಲ್ಲಿ ಎಷರ್ ತಮ್ಮ ಒಂದು ಚಿತ್ರದಲ್ಲಿ ಆ ಮೆಟ್ಟಿಲನ್ನೇ ಮಠದ ಮಾಳಿಗೆಗೆ ಏರಿಸಿದರು. ಸನ್ಯಾಸಿಗಳ ಒಂದು ಸಾಲು ಹತ್ತುತ್ತಲೇ ಇದೆ, ಇನ್ನೊಂದು ಇಳಿಯುತ್ತಲೇ ಇದೆ. ಯಾರೂ ಎಲ್ಲೂ ತಲುಪುವುದಿಲ್ಲ, ಪಾಪ. ಒಂದು ಮೂಲೆಯನ್ನು ಬೆರಳಿಂದ ಮುಚ್ಚಿ ನೋಡಿ, ಉಳಿದದ್ದೆಲ್ಲ ಸರಿಯಾಗೇ ಕಾಣುತ್ತದೆ, ಅಲ್ವಾ? ನಾವು ಚಿತ್ರವನ್ನು ತುಣುಕು ತುಣುಕಾಗಿ ಒಪ್ಪಿಕೊಳ್ಳುತ್ತೇವೆ, ಒಟ್ಟು ಲೆಕ್ಕ ತಾಳೆಯಾಗದಿದ್ದರೂ.