ನಾಲ್ಕು ವರ್ಷದ ಮಗುವನ್ನು ಭಾನುವಾರ ಎಲ್ಲಿಗೆ ಕರೆದುಕೊಂಡು ಹೋದರೆ ಏನಾದರೂ ಕಲಿಯುತ್ತೆ?

ನಿಮ್ಮ ಮಗನಿಗೆ ನಾಲ್ಕು ವರ್ಷ, ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಬೆಂಗಳೂರಿನಲ್ಲಿ ಕೈಗೆ ಸಿಗುವುದು ಭಾನುವಾರ ಒಂದೇ, ಆ ದಿನ ಎಲ್ಲಿಗೆ ಹೋಗೋದು ಅಂತ ಕೇಳಿದ್ದೀರಿ. ನನ್ನ ಮಗಳಿಗೆ ಈಗ ಆರು. ಎರಡು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಇತ್ತು. ಈಗ ಕೇಳಿದರೆ ಹೇಳುತ್ತೇನೆ: ಹೊಸ ಹೊಸ ಜಾಗ ಹುಡುಕಬೇಡಿ, ಹೋದಲ್ಲಿಗೇ ಮತ್ತೆ ಹೋಗಿ, ಅವನಿಗೆ ಅಲ್ಲೊಂದು ಕೆಲಸ ಕೊಡಿ.

ಮೊದಲು ನನ್ನ ಎಡವಟ್ಟು ಕೇಳಿ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಒಂದೇ ದಿನ ತೋರಿಸಿಬಿಡಬೇಕು ಅಂತ ಹಟ ಹಿಡಿದೆ. ಜಾಗ ಚೆನ್ನಾಗಿದೆ, ತಪ್ಪು ನಂದು. ಪ್ರತಿ ಯಂತ್ರದ ಮುಂದೆ ನಿಲ್ಲಿಸಿ ಪಾಠ. ಅರ್ಧ ಗಂಟೆಗೆ ನೆಲದ ಮೇಲೆ ಕೂತುಬಿಟ್ಟಳು. ರಾತ್ರಿ ಅಜ್ಜಿ ಫೋನಿನಲ್ಲಿ "ಏನ್ ನೋಡ್ದೆ ಪುಟ್ಟಿ?" ಅಂದರೆ, ಹೊರಗೆ ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಹಾಕಿ ಕೊಡುತ್ತಿದ್ದ ಮಾಮನ ಸುದ್ದಿ ಒಂದೇ.

ಆಮೇಲೆ ವಾರಕ್ಕೊಮ್ಮೆ ತರಕಾರಿ ತರಲು ಅವಳನ್ನೂ ಕರೆದುಕೊಂಡು ಹೋಗಲು ಶುರು ಮಾಡಿದೆ. ಕೈಗೆ 20 ರೂಪಾಯಿ ನೋಟು, ಸೊಪ್ಪು ತರೋದು ಅವಳ ಕೆಲಸ. ಮೊದಲ ವಾರ ಕೊತ್ತಂಬರಿ ಅಂತ ಸಬ್ಬಸಿಗೆ ಹಿಡಿದುಕೊಂಡು ಬಂದಳು. ನಾನು ವಾಪಸ್ ಕೊಡಿಸಲಿಲ್ಲ, ಅದನ್ನೇ ಅಕ್ಕಿ ರೊಟ್ಟಿಗೆ ಹಾಕಿದೆ. ಮುಂದಿನ ವಾರದಿಂದ ಎಲೆ ಕಿವುಚಿ ಮೂಸಿ ನೋಡಿಯೇ ತೆಗೆದುಕೊಳ್ಳುತ್ತಿದ್ದಳು. ಸೊಪ್ಪಿನ ಅಜ್ಜಿ ಎರಡು ಕಡ್ಡಿ ಕರಿಬೇವು ಕೊಸರು ಹಾಕಿದರೆ ಮುಖ ಅರಳುತ್ತಿತ್ತು. ಈಗ ಬಟ್ಟೆ ಅಂಗಡಿಯಲ್ಲೂ ಕೊಸರು ಕೇಳುತ್ತಾಳೆ, ಅದು ಬೇರೆ ಕಥೆ.

ಲಾಲ್‌ಬಾಗ್ ಬಂಡೆಗೂ ಹೀಗೇ ಹೋಗುತ್ತಾ ಇದ್ದೆವು. ಅದಕ್ಕೆ ಸುಮಾರು 300 ಕೋಟಿ ವರ್ಷ ಅಂತ ನಾನು ಬಾಯಿಬಿಟ್ಟು ಹೇಳಿದರೆ, ಅವಳಿಗೆ ಬಿಸಿಲಿನಲ್ಲಿರುವ ಕಲ್ಲು ಸುಡುತ್ತೆ, ನೆರಳಿನದು ತಣ್ಣಗಿರುತ್ತೆ ಅನ್ನೋದೇ ದೊಡ್ಡ ಸುದ್ದಿ. ಅಂಗೈ ಇಟ್ಟು ಇಟ್ಟು ನೋಡಿದಳು. ನಾಲ್ಕು ವರ್ಷಕ್ಕೆ ಅಷ್ಟು ಸಾಕಲ್ವಾ?

ಆದರೆ ನಿಜವಾಗಿ ಕಲಿತಿದ್ದು ನನ್ನ ಸೋದರಮಾವನ ಮನೆಯಲ್ಲಿ. ರಾಮನಗರದ ಹತ್ತಿರದ ಹಳ್ಳಿ, ರೇಷ್ಮೆ ಸಾಕುತ್ತಾರೆ. ದಸರಾ ರಜೆಗೆ ಹತ್ತು ದಿನ ಇದ್ದೆವು. ಹುಳದ ಮನೆಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಟ್ಟು ಕೈಕಾಲು ತೊಳೆಯಬೇಕು, ಇಲ್ಲದಿದ್ದರೆ ಹುಳಕ್ಕೆ ರೋಗ ಅಂಟುತ್ತೆ. ಮನೆಯಲ್ಲಿ ಸೋಪು ಮುಟ್ಟಿಸಲು ನಾನು ಅರಚಬೇಕಿತ್ತು, ಅಲ್ಲಿ ದಿನಕ್ಕೆ ನಾಲ್ಕು ಸಲ ತಾನೇ ಓಡಿ ಹೋಗಿ ತೊಳೆದುಕೊಂಡು ಬರುತ್ತಿದ್ದಳು. ನಾವು ಹೋದ ದಿನ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಅಂದರೆ ಮೇವು ಬಿಟ್ಟು ತಲೆ ಎತ್ತಿಕೊಂಡು ಸುಮ್ನೆ ಇರುತ್ತೆ, ಆಮೇಲೆ ಪೊರೆ ಬಿಡುತ್ತೆ. "ಜ್ವರ ಬಂದ್ರೆ ಸಿರಪ್ ಕೊಡಲ್ವಾ ತಾತ?" ಅಂತ ಕೇಳಿದಳು. ಮಾವ ನಕ್ಕಿದ್ದೇ ನಕ್ಕಿದ್ದು. ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹುಳಕ್ಕೆ ತಿನ್ನೋದೊಂದೇ ಕೆಲಸ. ಇವಳು ಪುಟ್ಟ ಕಂತೆ ಹಿಪ್ಪುನೇರಳೆ ಸೊಪ್ಪು ಹೊತ್ತು ತಂದು ಹರಡೋಳು, ಪಕ್ಕದಲ್ಲಿ ಕೂತು ಅವು ತಿನ್ನುವ ಸದ್ದು ಕೇಳೋಳು. ಹೆಂಚಿನ ಮೇಲೆ ತುಂತುರು ಮಳೆ ಬಿದ್ದ ಹಾಗಿರುತ್ತೆ. ಕೊನೆಗೆ ಹುಳ ಹಣ್ಣಾಯಿತು, ಮೈ ಹಳದಿ ತಿರುಗಿತು, ಆರಿಸಿ ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟೋ ತಟ್ಟೆಗೆ, ಬಿಟ್ಟರು. ಮೊದಲ ಸಂಜೆ ಗೂಡಿನೊಳಗೆ ಹುಳ ತಲೆ ಅಲ್ಲಾಡಿಸುತ್ತಾ ನೂಲು ಸುತ್ತೋದು ಕಾಣುತ್ತಿತ್ತು. ಆಮೇಲೆ ಬರೀ ಬಿಳಿ ಗೂಡು.

ಎರಡು ಗೂಡು ಡಬ್ಬಿಯಲ್ಲಿಟ್ಟು ಮನೆಗೆ ತಂದೆವು. ಎರಡು ವಾರದೊಳಗೆ ಒಂದರಿಂದ ಚಿಟ್ಟೆ ಬಂತು. ಅವಳು ಎಲೆ ಇಟ್ಟಳು, ಸಕ್ಕರೆ ನೀರು ಇಟ್ಟಳು. ರೇಷ್ಮೆ ಚಿಟ್ಟೆ ಏನೂ ತಿನ್ನೋದಿಲ್ಲ, ಹಾರೋದೂ ಇಲ್ಲ. "ತಾತನ ಮನೇಲಿರೋ ಗೂಡಿಂದಲೂ ಬಂತಾ?" ಅಂದಳು. ಇಲ್ಲ ಪುಟ್ಟಿ, ಅದನ್ನೆಲ್ಲ ಬಿಸಿನೀರಿಗೆ ಹಾಕಿ ನೂಲು ತೆಗೆಯುತ್ತಾರೆ ಅಂತ ಇದ್ದದ್ದನ್ನೇ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ವಾರ ನನ್ನ ರೇಷ್ಮೆ ಸೀರೆ ಮುಟ್ಟಿ ಮುಟ್ಟಿ ನೋಡಿದಳು. ಹೇಳಬಾರದಿತ್ತು ಅಂತ ನನ್ನ ಅಕ್ಕ ಬೈದರು. ನನಗೆ ಈಗಲೂ ಹಾಗನಿಸಿಲ್ಲ.

ಎಲ್ಲರಿಗೂ ಹಳ್ಳಿಯಲ್ಲಿ ಮಾವ ಇರೋದಿಲ್ಲ, ಗೊತ್ತು. ರಾಮನಗರ ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್, ಆ ಕಡೆ ಹುಳ ಸಾಕುವ ಮನೆಗಳು ಬೇಕಾದಷ್ಟಿವೆ. ಪರಿಚಯದವರ ಮೂಲಕ ಕೇಳಿಕೊಂಡು ಹೋಗಿ. ಆವತ್ತು ಸೆಂಟ್ ಮಾತ್ರ ಹಾಕಿಕೊಳ್ಳಬೇಡಿ, ಹುಳಕ್ಕೆ ಆಗೋದಿಲ್ಲ. ಅಲ್ಲಿಯವರೆಗೆ ಸೊಪ್ಪಿನ ಅಜ್ಜಿ ಸಾಕು. ಬೆಳಗ್ಗೆ ಎಂಟರೊಳಗೆ ಹೊರಡಿ, ಬಿಸಿಲೇರಿದರೆ ಮಗುಗೂ ಅಳು, ನಿಮಗೂ ಸಿಟ್ಟು. ಮನೆಗೆ ಬಂದ ಮೇಲೆ "ಏನ್ ಕಲಿತೆ ಹೇಳು" ಅಂತ ಪರೀಕ್ಷೆ ಮಾಡಬೇಡಿ. ಹೇಳಬೇಕು ಅನಿಸಿದ್ದನ್ನು ಮೂರು ದಿನ ಬಿಟ್ಟು, ನೀವು ಪಾತ್ರೆ ತೊಳೆಯುವಾಗ ಬಂದು ತಾನೇ ಹೇಳುತ್ತಾನೆ.